ಫೈನಲ್ ಬಿಡಿ, ಮೊದಲ ಸುತ್ತಿಗೆ ಬನ್ನಿ

ಇಂಗ್ಲೆಂಡಿಗೆ ಬಂದ ಮೇಲೆ ಹಳೆಯ ಗೆಳೆಯರು ಫೋನಿನಲ್ಲಿ ಸಿಕ್ಕಾಗೆಲ್ಲ ಒಂದು ಮಾತು ಕೇಳಿಯೇ ಕೇಳುತ್ತಾರೆ. "ವಿಂಬಲ್ಡನ್ ನೋಡ್ದೆ ಅಂತೀಯ, ಫ್ರಾನ್ಸಲ್ಲಿ ಸೈಕಲ್ ರೇಸು ಅಂತೀಯ. ಲಾಟರಿ ಏನಾದ್ರೂ ಹೊಡೀತಾ?" ಇಲ್ಲ ಮಾರಾಯರೇ. ನಾನು ಫೈನಲ್‌ಗೆ ಹೋಗುವುದಿಲ್ಲ, ಅಷ್ಟೇ.

ಎಲ್ಲರಿಗೂ ಬೇಕಾದ ದಿನ, ಎಲ್ಲರಿಗೂ ಬೇಕಾದ ಸೀಟು ದುಬಾರಿಯೇ. ಅದೇ ಟೂರ್ನಿಯ ಮೊದಲ ಸುತ್ತಿನಲ್ಲೂ ಆಡುವವರು ಅವರೇ, ಮೈದಾನವೂ ಅದೇ. ಆದರೆ ಅಲ್ಲಿಗೆ ದುಡ್ಡಿನ ಬದಲು ಹೊತ್ತು ಕೊಟ್ಟು ಒಳಗೆ ಹೋಗಬಹುದು. ಕ್ಯೂ ನಿಲ್ಲಬೇಕು, ಬೆಟ್ಟ ಹತ್ತಬೇಕು, ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ಹಿಡಿಸಿಕೊಳ್ಳಬೇಕು. ಅದಕ್ಕೆ ತಯಾರಿದ್ದರೆ ಯುರೋಪಿನ ದೊಡ್ಡ ದೊಡ್ಡ ಆಟಗಳೆಲ್ಲ ಸಂಬಳದವರ ಕೈಗೆ ಎಟುಕುತ್ತವೆ.

ಲಂಡನ್ನಿನ ವಿಂಬಲ್ಡನ್ ಟೆನಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಗಿನಿಂದ ನೋಡಿದರೆ ಶ್ರೀಮಂತರ ಜಾತ್ರೆ ಅನ್ನಿಸುತ್ತದೆ. ಆದರೆ ದಿನಾ ಬೆಳಿಗ್ಗೆ ಕ್ಯೂ ನಿಂತವರಿಗೆ ಟಿಕೆಟ್ ಮಾರುವ ದೊಡ್ಡ ಟೂರ್ನಿಗಳು ಈಗ ಎಷ್ಟು ಉಳಿದಿವೆ ಹೇಳಿ? ಇಲ್ಲಿ ಸೆಂಟರ್ ಕೋರ್ಟ್, ನಂಬರ್ 1 ಮತ್ತು ನಂಬರ್ 2 ಕೋರ್ಟ್‌ಗಳಿಗೆ ತಲಾ ಸುಮಾರು 500 ಟಿಕೆಟ್ ಕ್ಯೂನವರಿಗೆಂದೇ ಎತ್ತಿಡುತ್ತಾರೆ. ಸೆಂಟರ್ ಕೋರ್ಟಿಗೆ ಮಾತ್ರ ಕೊನೆಯ ನಾಲ್ಕು ದಿನ ಈ ಭಾಗ್ಯ ಇಲ್ಲ. ಇದರ ಮೇಲೆ ಸಾವಿರಾರು ಗ್ರೌಂಡ್ಸ್ ಪಾಸ್, ಅಂದರೆ ಹೊರಗಿನ ಸಣ್ಣ ಕೋರ್ಟ್‌ಗಳಲ್ಲಿ ಆಟ ನೋಡುವ ಟಿಕೆಟ್. ಮೊದಲ ವಾರದಲ್ಲಿ ಅದಕ್ಕೆ 30 ಪೌಂಡಿನ ಆಸುಪಾಸು. ಸಂಜೆ ಐದರ ನಂತರ ಇನ್ನೂ ಕಡಿಮೆ.

ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನಲ್ಲಿ ಸೌತ್‌ಫೀಲ್ಡ್ಸ್ ಸ್ಟೇಷನ್ನಿಗೆ ಇಳಿಯಬೇಕು. ವಿಂಬಲ್ಡನ್ ಅಂತ ಹೆಸರಿರುವ ಸ್ಟೇಷನ್ನಿಗೆ ಇಳಿದರೆ ಸುಮ್ನೆ ಜಾಸ್ತಿ ನಡಿಗೆ. ಕ್ಯೂ ಇರುವುದು ಪಕ್ಕದ ವಿಂಬಲ್ಡನ್ ಪಾರ್ಕಿನ ಹುಲ್ಲಿನ ಮೇಲೆ. ಹೋದ ಕೂಡಲೇ ಒಂದು ಕಾರ್ಡ್ ಕೊಡುತ್ತಾರೆ. ಅದರ ಮೇಲೆ ನಂಬರು, ತಾರೀಖು. ಆ ಚೂರು ಕಾಗದವೇ ಅವತ್ತಿನ ಆಸ್ತಿ. ಊಟಕ್ಕೋ ಟಾಯ್ಲೆಟ್ಟಿಗೋ ಹೋದರೆ ಅರ್ಧ ಗಂಟೆಯೊಳಗೆ ಬರಬೇಕು. ಬ್ಯಾಗು ಇಟ್ಟು ಮಾಯವಾಗುವ ಹಾಗಿಲ್ಲ, ಗೆಳೆಯನಿಗೆ ಜಾಗ ಹಿಡಿಯುವ ಹಾಗೂ ಇಲ್ಲ. ಒಬ್ಬರಿಗೆ ಒಂದೇ ಟಿಕೆಟ್.

ಸೆಂಟರ್ ಕೋರ್ಟೇ ಬೇಕು ಅನ್ನುವವರು ಹಿಂದಿನ ದಿನವೇ ಬಂದು ಟೆಂಟ್ ಹಾಕುತ್ತಾರೆ. ಇಬ್ಬರು ಮಲಗುವ ಸಣ್ಣ ಟೆಂಟಿಗೆ ಮಾತ್ರ ಅನುಮತಿ. ಒಲೆ ಹಚ್ಚುವಂತಿಲ್ಲ. ರಾತ್ರಿ ಪಕ್ಕದ ಟೆಂಟಿನವರು ಇಸ್ಪೀಟು ಆಡುತ್ತಿರುತ್ತಾರೆ, ಇನ್ನೊಂದು ಕಡೆ ಯಾರೋ ಹಳೆಯ ಮ್ಯಾಚುಗಳ ಬಗ್ಗೆ ವಾದ ಮಾಡುತ್ತಿರುತ್ತಾರೆ. ನಿದ್ದೆ ಬಂತು ಅನ್ನುವಷ್ಟರಲ್ಲಿ, ನಸುಕಿನಲ್ಲೇ, ಸ್ಟೀವರ್ಡ್‌ಗಳು ಬಂದು ಎಬ್ಬಿಸುತ್ತಾರೆ. ಕಣ್ಣುಜ್ಜಿಕೊಂಡು, ಇಬ್ಬನಿಗೆ ಒದ್ದೆಯಾದ ಟೆಂಟ್ ಮಡಚಿ, ಲಗೇಜ್ ಕೌಂಟರಿಗೆ ಕೊಟ್ಟು ಬರಬೇಕು. ಆಮೇಲೆ ಕ್ಯೂ ಒತ್ತೊತ್ತಾಗಿ ನಿಲ್ಲುತ್ತದೆ. ಮುಂದಿದ್ದವರ ಕೈಗೆ ಕೋರ್ಟಿನ ಲೆಕ್ಕದಲ್ಲಿ ಪಟ್ಟಿ ಕಟ್ಟುತ್ತಾ ಬರುತ್ತಾರೆ. ಬೇಕಾದ ಕೋರ್ಟಿನ ಪಟ್ಟಿ ನಮಗಿಂತ ಸ್ವಲ್ಪ ಮುಂದೆ ಮುಗಿದುಹೋದರೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ನನ್ನನ್ನು ಕೇಳಿದರೆ ಟೆಂಟಿನ ಗೋಜೇ ಬೇಡ. ಬೆಳಗಿನ ಮೊದಲ ಟ್ರೈನ್ ಹಿಡಿದು ಗ್ರೌಂಡ್ಸ್ ಪಾಸ್ ತಗೊಳ್ಳಿ. ಹೊರಗಿನ ಕೋರ್ಟ್‌ಗಳಲ್ಲಿ ಆಟ ಶುರುವಾಗುವುದು ಬೆಳಿಗ್ಗೆ ಹನ್ನೊಂದಕ್ಕೆ. ಸೆಂಟರ್ ಕೋರ್ಟಿನಲ್ಲಿ ಒಂದೂವರೆಗೆ. ಅಲ್ಲಿ ದುಬಾರಿ ಸೀಟಿನವರು ಬಂದು ಕೂರುವ ಹೊತ್ತಿಗೆ ನೀವು ಒಂದು ಮ್ಯಾಚನ್ನೇ ನೋಡಿ ಮುಗಿಸಿರಬಹುದು. ಅದೂ ಎಷ್ಟು ಹತ್ತಿರದಿಂದ ಅಂದರೆ, ಸರ್ವ್ ಮಾಡುವವನ ಶೂ ಹುಲ್ಲಿನ ಮೇಲೆ ಜಾರುವ ಸದ್ದು ಕೇಳಿಸುತ್ತದೆ. ತನ್ನ ಮೇಲೆ ತಾನೇ ಸಿಟ್ಟಾಗಿ ಗೊಣಗುವುದೂ ಕೇಳಿಸುತ್ತದೆ, ಭಾಷೆ ಯಾವುದಾದರೇನು, ಬೈಗುಳ ಬೈಗುಳವೇ.

2010ರ ಇಸ್ನರ್–ಮಹು ಮ್ಯಾಚ್ ನೆನಪಿದೆಯಲ್ವಾ? 11 ಗಂಟೆ 5 ನಿಮಿಷ, ಮೂರು ದಿನ, ಕೊನೆಯ ಸೆಟ್ 70-68. ಟೆನಿಸ್ ಇತಿಹಾಸದಲ್ಲೇ ಅತಿ ಉದ್ದದ ಆಟ. ಅದು ಫೈನಲ್ ಅಲ್ಲ, ಸೆಮಿಫೈನಲ್ಲೂ ಅಲ್ಲ. ಮೊದಲ ಸುತ್ತು, ಕೋರ್ಟ್ 18. ಗ್ರೌಂಡ್ಸ್ ಪಾಸ್‌ನವರು ಹೋಗಿ ಕೂರುವಂಥ ಜಾಗ.

ಮಧ್ಯಾಹ್ನದ ಮೇಲೆ ಇನ್ನೊಂದು ಅವಕಾಶ ಇದೆ. ಬೇಗ ಮನೆಗೆ ಹೊರಟವರು ದೊಡ್ಡ ಕೋರ್ಟ್‌ಗಳ ಟಿಕೆಟ್ ವಾಪಸ್ ಕೊಡುತ್ತಾರೆ. ಅದನ್ನು ಮೂರು ಗಂಟೆಯ ನಂತರ ಹತ್ತು ಹದಿನೈದು ಪೌಂಡಿಗೆ ಮತ್ತೆ ಮಾರುತ್ತಾರೆ. ದುಡ್ಡು ದಾನಕ್ಕೆ ಹೋಗುತ್ತದೆ. ಈಗ ಅದರ ಕ್ಯೂ ಕೂಡ ಮೊಬೈಲ್ ಆ್ಯಪ್‌ನಲ್ಲೇ, ಹಾಗಾಗಿ ಬೇರೆ ಮ್ಯಾಚ್ ನೋಡುತ್ತಲೇ ಕಾಯಬಹುದು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದರೂ ಯಾರೂ ಬೇಡ ಅನ್ನುವುದಿಲ್ಲ.

ಕ್ರಿಕೆಟ್ಟಿನಲ್ಲಿ ನನ್ನ ಲೆಕ್ಕ ಐದನೇ ದಿನ. ಇಂಗ್ಲೆಂಡಿನಲ್ಲಿ ಟೆಸ್ಟ್‌ನ ಮೊದಲ ದಿನಗಳ ಟಿಕೆಟ್ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಕೊನೆಯ ದಿನದ್ದು ಅದಕ್ಕಿಂತ ಎಷ್ಟೋ ಅಗ್ಗ, ಏಕೆಂದರೆ ಆಟ ಅಲ್ಲಿಯವರೆಗೆ ಬರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ. 2025ರ ಆಗಸ್ಟ್ 4ರಂದು ಓವಲ್‌ನಲ್ಲಿ ಏನಾಯ್ತು ನೋಡಿದಿರಲ್ಲ. ಇಂಗ್ಲೆಂಡಿಗೆ 35 ರನ್ ಬೇಕು, ಭಾರತಕ್ಕೆ 4 ವಿಕೆಟ್. ಆಟ ನಡೆದಿದ್ದು ಒಂದು ಗಂಟೆಯೂ ಇಲ್ಲ. ಭುಜ ಜಾರಿದ್ದ ಇಂಗ್ಲೆಂಡಿನ ವೋಕ್ಸ್ ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡೇ ಬ್ಯಾಟಿಂಗಿಗೆ ಬಂದ. ಸಿರಾಜ್ ಯಾರ್ಕರ್ ಹಾಕಿ ಕೊನೆಯ ವಿಕೆಟ್ ಉರುಳಿಸಿದ, 6 ರನ್ನಿನಿಂದ ಗೆದ್ದೆವು. ಆ ಒಂದು ಗಂಟೆಗೆ ಯಾವ ಬೆಲೆ ಕಟ್ಟಬೇಕು ಅಂತ ನನಗಂತೂ ಗೊತ್ತಿಲ್ಲ. ಟೆಸ್ಟ್ ಸಿಗದಿದ್ದರೆ ಕೌಂಟಿ ಮ್ಯಾಚ್ ಇದ್ದೇ ಇದೆ. ನಾಲ್ಕು ದಿನದ ಆಟ, ಬೇಕಾದಲ್ಲಿ ಕೂರಬಹುದು, ಸುತ್ತ ಫ್ಲಾಸ್ಕು, ಸ್ಕೋರ್ ಪುಸ್ತಕ ಹಿಡಿದ ಅಜ್ಜಂದಿರು. ಹಲವು ಮೈದಾನಗಳಲ್ಲಿ ಲಂಚ್ ಹೊತ್ತಿಗೆ ಜನರನ್ನು ಒಳಗೆ ಬಿಡುತ್ತಾರೆ. ಪಿಚ್ ಹತ್ತಿರ ಹೋಗಿ, ಬಗ್ಗಿ, ಎಲ್ಲ ತಿಳಿದವರ ಹಾಗೆ ತಲೆ ಆಡಿಸಬಹುದು.

ಟಿಕೆಟ್ಟೇ ಇಲ್ಲದ ಆಟವೂ ಇದೆ. ಟೂರ್ ದ ಫ್ರಾನ್ಸ್. 1903ರಲ್ಲಿ ಒಂದು ಪತ್ರಿಕೆ ತನ್ನ ಮಾರಾಟ ಹೆಚ್ಚಲಿ ಅಂತ ಶುರು ಮಾಡಿದ ಸೈಕಲ್ ರೇಸು ಇದು. ಜುಲೈನಲ್ಲಿ ಮೂರು ವಾರ, 21 ಹಂತ, ಮೈದಾನ ಅಂದರೆ ಊರ ರಸ್ತೆ. ರಸ್ತೆ ಪಕ್ಕ ನಿಂತರೆ ಆಯಿತು. ಆದರೆ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಇದೆ ಎಲ್ಲ. ಸಮತಟ್ಟು ರಸ್ತೆಯಲ್ಲಿ ಬೆಳಿಗ್ಗೆಯಿಂದ ಕಾದರೆ, ಇಡೀ ಗುಂಪು ಸೊಯ್ಯೆಂದು ಗಾಳಿ ಎಬ್ಬಿಸಿ ಅರೆಗಳಿಗೆಯಲ್ಲಿ ಮಾಯ. ಫೋಟೋದಲ್ಲಿ ಬಣ್ಣ ಕಲಸಿದ್ದು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಬೆಟ್ಟದಲ್ಲಿ ಹಾಗಲ್ಲ. ಅಲ್ಲಿ ಗುಂಪು ಒಡೆಯುತ್ತದೆ, ಒಬ್ಬೊಬ್ಬರೇ, ಇಬ್ಬಿಬ್ಬರೇ ಏದುಸಿರು ಬಿಡುತ್ತಾ ಬರುತ್ತಾರೆ. ಮೊದಲಿನವನಿಗೂ ಕೊನೆಯವನಿಗೂ ನಡುವೆ ಅರ್ಧ ಗಂಟೆಯ ಅಂತರ ಬಿದ್ದರೂ ಆಶ್ಚರ್ಯ ಇಲ್ಲ.

ಆಲ್ಪ್ ದ್ಯುಯೆಜ್ ಅನ್ನುವ ಏರು ಇವುಗಳಲ್ಲೆಲ್ಲ ಹೆಸರುವಾಸಿ. 13.8 ಕಿಲೋಮೀಟರ್, 21 ತಿರುವು. ತಿರುವುಗಳ ನಂಬರು ಕೆಳಗಿನಿಂದ ಮೇಲಕ್ಕೆ ಇಳಿಯುತ್ತಾ ಹೋಗುತ್ತದೆ, ಪ್ರತಿ ತಿರುವಿನಲ್ಲೂ ಹಿಂದೆ ಗೆದ್ದವರ ಹೆಸರಿನ ಫಲಕ. 7ನೇ ತಿರುವು ಡಚ್ಚರದ್ದು, ಅಲ್ಲಿ ಎಲ್ಲವೂ ಕಿತ್ತಳೆ, ಕಿವಿ ಕಿತ್ತುಹೋಗುವ ಸಂಗೀತ. ಕಾರು ಬಿಡುವುದನ್ನು ಎಷ್ಟೋ ಮುಂಚೆಯೇ ನಿಲ್ಲಿಸುತ್ತಾರೆ, ಹಾಗಾಗಿ ಕೆಳಗಿನ ಬೂರ್ಗ್-ದ್ವಾಸಾನ್ ಊರಿನಿಂದ ಕಾಲ್ನಡಿಗೆಯೇ ಗತಿ. ನೀರು, ಟೋಪಿ, ಮಳೆ ಕೋಟು ಮೂರೂ ಬೇಕು. ಜುಲೈ ಅಂತ ನಂಬಿ ಬರೀ ಟೀ ಶರ್ಟಿನಲ್ಲಿ ಹೋದವರು ಸಂಜೆ ಮೋಡ ಇಳಿದಾಗ ನಡುಗುತ್ತಾರೆ.

ಸೈಕಲ್‌ಗಳಿಗಿಂತ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತು ಮೆರವಣಿಗೆ ಬರುತ್ತದೆ. ವಿಚಿತ್ರ ಆಕಾರದ ಗಾಡಿಗಳ ಮೇಲೆ ನಿಂತವರು ಟೋಪಿ, ಕೀ ಚೈನು, ಬಿಸ್ಕತ್ತು ಎಸೆಯುತ್ತಾ ಹೋಗುತ್ತಾರೆ. ಬಿಳಿ ಮೇಲೆ ಕೆಂಪು ಚುಕ್ಕಿಯ ಒಂದು ಬಟ್ಟೆ ಟೋಪಿಗಾಗಿ ನಾನೂ ಒಬ್ಬ ಅಜ್ಜಿಯೂ ಒಟ್ಟಿಗೇ ಹಾರಿದೆವು. ಅಜ್ಜಿಗೇ ಸಿಕ್ಕಿತು. ಅವರಿಗೆ ಅನುಭವ ಜಾಸ್ತಿ. ರೇಸು ಎಲ್ಲಿಗೆ ಬಂತು ಅಂತ ಮೊಬೈಲಿನಲ್ಲಿ ನೋಡೋಣ ಅಂದರೆ ಅಷ್ಟು ಜನಕ್ಕೆ ಸಿಗ್ನಲ್ಲೇ ಇರುವುದಿಲ್ಲ. ಟಿವಿ ಇರುವ ಕ್ಯಾಂಪರ್ ವ್ಯಾನ್ ಹುಡುಕಿ, ನಗುತ್ತಾ ಹೋಗಿ ನಿಂತುಬಿಡಿ. ಯಾರೂ ಓಡಿಸುವುದಿಲ್ಲ.

ಹೆಲಿಕಾಪ್ಟರ್ ಸದ್ದು ಕೇಳಿತು ಅಂದರೆ ಮುಂದಿನವರು ಬಂದರು ಅಂತ ಅರ್ಥ. ಅವರು ಹೋದ ಕೂಡಲೇ ಇಳಿಯಲು ಹೊರಡಬೇಡಿ. ನನಗೆ ಇಷ್ಟವಾಗುವುದು ಕೊನೆಯ ಗುಂಪು. ಅವರು ಸ್ಪ್ರಿಂಟರ್‌ಗಳು, ಏರು ಅಂದರೆ ಆಗದವರು. ನಿಗದಿತ ಹೊತ್ತಿನೊಳಗೆ ಮೇಲೆ ಮುಟ್ಟದಿದ್ದರೆ ರೇಸಿನಿಂದಲೇ ಹೊರಗೆ. ಅವರಿಗೆ ಬೀಳುವ ಚಪ್ಪಾಳೆ ಬೇರೆಯದೇ ಥರ. ಅವರ ಹಿಂದೆ ಬರುವ ವ್ಯಾನು ದಾಟಿದ ಮೇಲೆಯೇ ರಸ್ತೆ ಮತ್ತೆ ನಮ್ಮದು.

ಫುಟ್‌ಬಾಲಿಗೆ ನಾನು ಇಂಗ್ಲೆಂಡ್ ಬಿಟ್ಟು ಜರ್ಮನಿಗೆ ಹೋಗುತ್ತೇನೆ. ಅಲ್ಲಿ ಒಂದೆರಡು ಅಪವಾದ ಬಿಟ್ಟರೆ ಕ್ಲಬ್‌ನ ಹೆಚ್ಚಿನ ಮತ ಸದಸ್ಯರ, ಅಂದರೆ ಅಭಿಮಾನಿಗಳ, ಕೈಯಲ್ಲೇ ಇರಬೇಕು ಅಂತ ನಿಯಮ. ಹಾಗಾಗಿ ನಿಂತು ನೋಡುವ ಸ್ಟ್ಯಾಂಡ್‌ಗಳು ಉಳಿದಿವೆ, ಬೆಲೆಯೂ ನೆಲದ ಮೇಲಿದೆ. ನಿಲ್ಲುವ ಟಿಕೆಟ್ 20 ಯೂರೋ ಆಸುಪಾಸಿನಲ್ಲಿ ಸಿಗುತ್ತದೆ. ಬಹಳ ಕಡೆ ಮ್ಯಾಚ್ ಟಿಕೆಟ್ ತೋರಿಸಿದರೆ ಸ್ಥಳೀಯ ಟ್ರೈನು, ಟ್ರಾಮೂ ಫ್ರೀ. ಡಾರ್ಟ್‌ಮುಂಡ್‌ನಲ್ಲಿ 81,365 ಜನ ಹಿಡಿಸುವ ಸ್ಟೇಡಿಯಂ, ಅದರ ದಕ್ಷಿಣ ಸ್ಟ್ಯಾಂಡಿನಲ್ಲೇ ಸುಮಾರು 25 ಸಾವಿರ ಜನ ನಿಲ್ಲುತ್ತಾರೆ. ಹಳದಿ ಗೋಡೆ ಅಂತಾರಲ್ಲ, ಅದೇ. ಅಲ್ಲಿ ಹೊರಗಿನವರಿಗೆ ಜಾಗ ಸಿಗುವುದು ಕಷ್ಟ. ಪಕ್ಕದ ಬೋಖುಮ್‌ನಂಥ ಊರಿನ ಕ್ಲಬ್ ನೋಡಿ. ಊರ ಮಧ್ಯದ ಹಳೆಯ ಮೈದಾನ, ಆಟಗಾರರು ಕೂಗಿದರೆ ಕೇಳುವಷ್ಟು ಹತ್ತಿರ. ಹಾಸಿಗೆಯನ್ನೂ ಹೀಗೇ ಪಕ್ಕದೂರಿನಲ್ಲಿ ಹಿಡಿಯಿರಿ. ದೊಡ್ಡ ಮ್ಯಾಚಿನ ದಿನ ಡಾರ್ಟ್‌ಮುಂಡ್ ಹೋಟೆಲ್‌ಗಳ ಬೆಲೆ ಏರುತ್ತದೆ, ಎಸೆನ್ ಅಲ್ಲಿಂದ ಅರ್ಧ ಗಂಟೆಯೂ ಇಲ್ಲ. ಬ್ಯಾಗು ಎ4 ಹಾಳೆಗಿಂತ ದೊಡ್ಡದಿದ್ದರೆ ಗೇಟಿನಲ್ಲೇ ತಡೆಯುತ್ತಾರೆ, ಸ್ಟೇಷನ್ ಲಾಕರ್‌ಗಳು ಅಷ್ಟರಲ್ಲಿ ಭರ್ತಿ.

ದುಡ್ಡು ನಿಜವಾಗಿ ಸೋರುವುದು ತಾರೀಖಿನಲ್ಲಿ. ಲೀಗ್ ವೇಳಾಪಟ್ಟಿಯಲ್ಲಿ ಶನಿವಾರ ಅಂತ ಇದ್ದದ್ದು ಟಿವಿಯವರಿಗಾಗಿ ಶುಕ್ರವಾರಕ್ಕೋ ಭಾನುವಾರಕ್ಕೋ ಜಾರುತ್ತದೆ. ದಿನ, ಹೊತ್ತು ಎರಡೂ ಖಾತ್ರಿ ಆಗುವವರೆಗೆ ದುಡ್ಡು ವಾಪಸ್ ಬಾರದ ಪ್ರಯಾಣದ ಟಿಕೆಟ್ ಬುಕ್ ಮಾಡಬೇಡಿ. ಕ್ಯಾನ್ಸಲ್ ಮಾಡಬಹುದಾದ ರೂಮು ಮೊದಲು, ಮ್ಯಾಚ್ ಟಿಕೆಟ್ ಆಮೇಲೆ, ಪ್ರಯಾಣ ಕೊನೆಗೆ. ಹೊರಗಡೆ ಬ್ಲ್ಯಾಕಿನಲ್ಲಿ ಮಾರುವವರ ಹತ್ತಿರ ಹೋಗಲೇಬೇಡಿ. ಇಂಗ್ಲೆಂಡಿನಲ್ಲಂತೂ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿ ಇಲ್ಲದೆ ಮಾರುವುದು 1994ರ ಕಾನೂನಿನ ಪ್ರಕಾರ ಅಪರಾಧ.

ಇನ್ನು ವೀಸಾ. ಬ್ರಿಟನ್ನಿನಲ್ಲಿ ವಾಸವಿದ್ದರೂ ನಮ್ಮ ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾ, ಬೇರೆಯೇ ಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ, ಆ ನಿಲ್ಲುವ ಟಿಕೆಟ್ಟಿನ ನಾಲ್ಕು ಪಟ್ಟಿಗೂ ಹೆಚ್ಚು. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆ ಹತ್ತಿರವಾದರೆ ಸ್ಲಾಟ್ ಸಿಗುವುದಿಲ್ಲ. ಹಲವು ಸಲ ಹೋಗಿಬರಬಹುದಾದ ಮಲ್ಟಿಪಲ್ ಎಂಟ್ರಿಯನ್ನೇ ಕೇಳಿ. ಸಿಕ್ಕಿದ ಅವಧಿ ಸ್ವಲ್ಪ ಉದ್ದವಿದ್ದರೆ ಏಪ್ರಿಲ್‌ನ ಫುಟ್‌ಬಾಲಿಗೂ ಜುಲೈನ ಸೈಕಲ್‌ಗೂ ಆ 90 ಯೂರೋದಲ್ಲೇ ಕೆಲಸ ಆಗುತ್ತದೆ.