ಆ ಕಥೆ ಈಗ ಯಾರ ಹತ್ತಿರ ಇದೆ?

ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಇದ್ದರೆ, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ಹೊಸ ಕಥೆಗಾರರು ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್, ಯಾವ ಕಥೆ ಎಲ್ಲಿಗೆ ಕಳಿಸಿದ್ದೀರಿ ಅಂತ ಹೇಗೆ ಲೆಕ್ಕ ಇಡ್ತೀರಾ? ಉತ್ತರ ಬರದಿದ್ರೆ ಎಷ್ಟು ದಿನ ಕಾಯ್ತೀರಾ?"

ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮೊದಲನೆಯದರ ಉತ್ತರ ಏನಕ್ಕೂ ಬರುವುದಿಲ್ಲ. ಹಾಗಾಗಿ ನನ್ನ ಗೂಗಲ್ ಶೀಟಿನ ಒಂದು ಸಾಲನ್ನೇ ಇಲ್ಲಿ ಬರೆಯುತ್ತೇನೆ.

ಕಥೆ: ಮೀಟರ್ ಬಡ್ಡಿ. ಪ್ರತಿ: ದೊಡ್ಡದು, ಅಂದರೆ ಪೂರ್ತಿ ಕಥೆ. ಮಾಸಪತ್ರಿಕೆಗೆ, ಇಮೇಲ್, ಯೂನಿಕೋಡ್. ಕಳಿಸಿದ್ದು ಫೆಬ್ರವರಿ 10. ಕೇಳುವುದು ಮೇ 10. ಬಿಡುವುದು ಜೂನ್ 10.

ಇಷ್ಟೇ. ಇದರಲ್ಲಿ ನನಗೆ ಮುಖ್ಯವಾದದ್ದು ಕೊನೆಯ ಕಾಲಂ, ಅಂದರೆ ಆ ಪತ್ರಿಕೆಯ ಆಸೆ ಬಿಟ್ಟು ಕಥೆಯನ್ನು ಬೇರೆ ಕಡೆ ಕಳಿಸುವ ದಿನ. ಕಥೆ ಕಳಿಸಿದ ದಿನವೇ ಅದನ್ನೂ ತುಂಬಿಬಿಡುತ್ತೇನೆ. ಆಗ ಮನಸ್ಸು ಸಮಾಧಾನದಲ್ಲಿರುತ್ತದೆ. ಮೂರು ತಿಂಗಳಾದ ಮೇಲೆ ತೀರ್ಮಾನ ಮಾಡಲು ಕೂತರೆ ಒಂದು ದಿನ ಸಿಟ್ಟು, ಇನ್ನೊಂದು ದಿನ ಆಸೆ.

ನಮ್ಮ ಪತ್ರಿಕೆಗಳಿಂದ "ಬೇಡ" ಅನ್ನೋ ಮಾತು ಬರುವುದು ಕಡಿಮೆ. ಅಂಚೆ ಕಾಲದಲ್ಲಿ ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಇಟ್ಟರೆ ಕಥೆ ವಾಪಸ್ ಬರುತ್ತಿತ್ತು. ನಮ್ಮದೇ ಕೈಬರಹದ ಲಕೋಟೆ ಬಾಗಿಲಿಗೆ ಬಂತು ಅಂದರೆ ಒಡೆದು ನೋಡುವುದೇ ಬೇಡ, ವಿಷಯ ಗೊತ್ತಾಯಿತು. ಇಮೇಲ್ ಬಂದ ಮೇಲೆ ಆ ಲಕೋಟೆಯೂ ಹೋಯಿತು. ಕೆಲವು ಪತ್ರಿಕೆಗಳು ಇಷ್ಟು ತಿಂಗಳಲ್ಲಿ ಉತ್ತರ ಬರದಿದ್ದರೆ ಸ್ವೀಕೃತವಾಗಿಲ್ಲ ಎಂದು ತಿಳಿಯಿರಿ ಅನ್ನುತ್ತವೆ. ಹಾಗೆ ಹೇಳಿದ್ದರೆ ಅದೇ ಗಡುವು. ಹೇಳದಿದ್ದರೆ ಮೂರು ತಿಂಗಳಿಗೆ ಒಂದು ಮೇಲ್, ಆಮೇಲೆ ಒಂದು ತಿಂಗಳು. ಇದು ನಾನು ಮಾಡಿಕೊಂಡ ನಿಯಮ.

ಆ ಮೇಲ್ ಕೂಡ ಉದ್ದ ಇರಬಾರದು. "ನಮಸ್ಕಾರ. ಫೆಬ್ರವರಿ 10ರಂದು ಮೀಟರ್ ಬಡ್ಡಿ ಎಂಬ ಕಥೆ ಕಳಿಸಿದ್ದೆ. ಪರಿಶೀಲನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಜೂನ್ 10ರ ತನಕ ಬೇರೆಲ್ಲಿಗೂ ಕಳಿಸುವುದಿಲ್ಲ." ಕೊನೆಯ ವಾಕ್ಯದಲ್ಲಿ ಮರ್ಯಾದೆಯೂ ಇದೆ, ಗಡುವೂ ಇದೆ. ಫೋನ್ ಮಾತ್ರ ಮಾಡಬೇಡಿ. ವಾರಪತ್ರಿಕೆಯಲ್ಲಿ ಪುಟ ಕಟ್ಟುವ ದಿನ ನಿಮ್ಮ ಫೋನ್ ಹೋದರೆ ಕಥೆಯ ಹೆಸರಿಗಿಂತ ನಿಮ್ಮ ಹೆಸರು ಜಾಸ್ತಿ ನೆನಪಿರುತ್ತದೆ.

"ಅಷ್ಟು ಕಾಯೋ ಬದಲು ಮಯೂರಕ್ಕೂ ತುಷಾರಕ್ಕೂ ಒಟ್ಟಿಗೇ ಕಳಿಸಿದ್ರೆ?" ಅಂತ ಕೇಳುತ್ತಾರೆ. ಬೇಡ. ಒಪ್ಪಿಗೆಯಾದ ಕಥೆಯ ಸುದ್ದಿ ಎಷ್ಟೋ ಸಲ ನಮಗೆ ಗೊತ್ತಾಗುವುದೇ ಸಂಚಿಕೆ ಅಂಗಡಿಗೆ ಬಂದ ಮೇಲೆ. ಅಷ್ಟರಲ್ಲಿ ಇನ್ನೊಬ್ಬರು ಅದಕ್ಕೆ ಚಿತ್ರ ಬರೆಸಿ ಪುಟ ಕಟ್ಟಿರುತ್ತಾರೆ. ನನ್ನ ಗೆಳೆಯರೊಬ್ಬರ ಕಥೆ ಒಂದೇ ತಿಂಗಳು ಎರಡು ಕಡೆ ಬಂತು. ಓದುಗರು ಖುಷಿಪಟ್ಟರು, ಸಂಪಾದಕರಿಬ್ಬರೂ ಪಡಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರ ಅಥವಾ ಅನುವಾದ ಕಳಿಸುವವರ ಕಥೆ ಬೇರೆ. ಅಲ್ಲಿ ಎಷ್ಟೋ ಸಾಹಿತ್ಯ ಪತ್ರಿಕೆಗಳು ಏಕಕಾಲಕ್ಕೆ ಹಲವು ಕಡೆ ಕಳಿಸುವುದನ್ನು ಒಪ್ಪುತ್ತವೆ. ಒಂದು ಕಡೆ ಆಯ್ಕೆಯಾದರೆ ಉಳಿದವರಿಗೆ ತಕ್ಷಣ ತಿಳಿಸಬೇಕು, ಅದೊಂದೇ ಷರತ್ತು. ಕ್ಲಾರ್ಕ್ಸ್‌ವರ್ಲ್ಡ್‌ನಂಥ ಕೆಲವು ಪತ್ರಿಕೆಗಳು ಒಪ್ಪುವುದಿಲ್ಲ. ಪತ್ರಿಕೆಗಳು ಕಥೆ ತರಿಸಿಕೊಳ್ಳಲು ಬಳಸುವ ಸಬ್ಮಿಟೆಬಲ್ ಜಾಲತಾಣದ ಮೂಲಕ ಕಳಿಸಿದರೆ ಕಥೆ ಯಾವ ಹಂತದಲ್ಲಿದೆ ಅಂತ ಅದೇ ತೋರಿಸುತ್ತದೆ. ಎಲ್ಲಿಗೆ ಕಳಿಸಬಹುದು, ಕಳಿಸಿದ್ದು ಏನಾಯಿತು ಅಂತ ಲೆಕ್ಕ ಇಡುವ ಡುವೋಟ್ರೋಪ್ ಜಾಲತಾಣ 2005ರಲ್ಲಿ ಶುರುವಾಗಿ 2013ರಿಂದ ಚಂದಾ ಕೇಳತೊಡಗಿತು. ಅದೇ ವರ್ಷ ಅಂಥದ್ದೇ ಸಬ್ಮಿಷನ್ ಗ್ರೈಂಡರ್ ಬಂತು, ಅದು ಉಚಿತ. ಯಾವ ಪತ್ರಿಕೆ ಎಷ್ಟು ದಿನಕ್ಕೆ ಉತ್ತರ ಕೊಡುತ್ತದೆ ಅನ್ನುವ ಲೆಕ್ಕ ಇವೆರಡರಲ್ಲೂ ಸಿಗುತ್ತದೆ, ಬರಹಗಾರರೇ ತುಂಬಿದ್ದು. ಕನ್ನಡದಲ್ಲೂ ಇಂಥದ್ದೊಂದು ಮಾಡಬಾರದಾ ಅಂತ ನಮ್ಮ ಐಟಿ ಗೆಳೆಯರು ಹುಮ್ಮಸ್ಸಿನಲ್ಲಿ ಹೇಳುತ್ತಿರುತ್ತಾರೆ. ಮಾಡಬಹುದು. ಉತ್ತರವೇ ಬರದಿದ್ದರೆ ಅದರಲ್ಲಿ ತುಂಬುವುದೇನು ಅನ್ನೋದೇ ಪ್ರಶ್ನೆ.

ಸ್ಪರ್ಧೆಗಳಿಗೆ ಇನ್ನೂ ಬಿಗಿ ಲೆಕ್ಕ ಬೇಕು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥದ್ದಕ್ಕೆ ಹೋದ ಕಥೆ ಫಲಿತಾಂಶದ ತನಕ ಲಾಕ್. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಪದಮಿತಿ ಇರುತ್ತದೆ. ಕಥೆಯ ಪುಟದಲ್ಲಿ ಹೆಸರು ಇರಬಾರದು, ವಿಳಾಸ ಬೇರೆ ಹಾಳೆಯಲ್ಲಿ. ಸ್ವಂತದ್ದು, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ ಅಂತ ಬರೆದು ಸಹಿ ಹಾಕಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಎಷ್ಟೋ ಕಡೆ ಪ್ರಕಟವಾದದ್ದು ಎಂದೇ ಎಣಿಸುತ್ತಾರೆ. ಲೈಕಿಗೆ ಆಸೆಪಟ್ಟು ಕಥೆಯನ್ನು ಅಲ್ಲಿ ಸುರಿಯುವ ಮೊದಲು ಯೋಚಿಸಿ.

ಇಲ್ಲೇ "ಪ್ರತಿ" ಕಾಲಂ ಉಪಯೋಗಕ್ಕೆ ಬರುವುದು. ಸ್ಪರ್ಧೆಗೆ ಅಂತ ಕತ್ತರಿಸಿದ ಕಥೆ ಬೇರೆ, ಮಾಸಪತ್ರಿಕೆಗೆ ಕಳಿಸುವ ಪೂರ್ತಿ ಕಥೆ ಬೇರೆ. ಎರಡನ್ನೂ ದೊಡ್ಡದು, ಸಣ್ಣದು ಅಂತ ಬೇರೆ ಬೇರೆ ಹೆಸರಲ್ಲಿ ಇಡುತ್ತೇನೆ. "ಫೈನಲ್", "ಫೈನಲ್ ಹೊಸದು" ಅಂತ ಹೆಸರಿಟ್ಟರೆ ದೇವರೇ ಗತಿ. ಕಥೆ ಯೂನಿಕೋಡ್ ಅಕ್ಷರದಲ್ಲಿ ಹೋಯಿತೋ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಹೋಯಿತೋ ಅಂತಲೂ ಬರೆದಿಡಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಬದಲಿಸಿದ ಫೈಲನ್ನು ಪೂರ್ತಿ ಓದಿ, ಪಿಡಿಎಫ್ ಜೊತೆಗಿಟ್ಟು ಕಳಿಸುವುದು ಒಳ್ಳೆಯದು.

ಶೀಟು ಪತ್ರಿಕೆವಾರು ಇರಬೇಕೋ ಕಥೆವಾರೋ? ಕಥೆವಾರೇ ಇರಲಿ. ಪತ್ರಿಕೆವಾರು ಬರೆದರೆ ಯಾವ ಸಂಪಾದಕರು ನಮ್ಮನ್ನು ಎಷ್ಟು ಸಲ ಕಡೆಗಣಿಸಿದರು ಅನ್ನೋ ಪಟ್ಟಿ ಆಗಿಬಿಡುತ್ತದೆ. ಅದನ್ನು ನೋಡಿಕೊಂಡು ಯಾರೂ ಒಳ್ಳೆ ಕಥೆ ಬರೆದಿಲ್ಲ. ಕಥೆವಾರು ಇದ್ದರೆ ಜೂನ್ 10 ಬಂದ ದಿನ ಮೀಟರ್ ಬಡ್ಡಿ ಖಾಲಿ ಕೂತಿದೆ ಅಂತ ಕಾಣುತ್ತದೆ, ಮುಂದೆ ಎಲ್ಲಿಗೆ ಅಂತಷ್ಟೇ ಯೋಚನೆ.

ಪ್ರಕಟವಾದ ಮೇಲೆ ಇನ್ನೊಂದು ಕಾಲಂ ಸೇರಿಸಿಕೊಳ್ಳಿ: ಗೌರವಧನ. ಬ್ಯಾಂಕ್ ವಿವರ, ಪ್ಯಾನ್ ಯಾವತ್ತು ಕೊಟ್ಟಿರಿ ಅಂತ ಬರೆದಿಡಿ. ಸಂಚಿಕೆ ಬಂದು ತಿಂಗಳುಗಳಾದ ಮೇಲೆ ಖಾತೆಗೆ ಸಣ್ಣದೊಂದು ಮೊತ್ತ ಬಿದ್ದಿರುತ್ತದೆ. ಪಾಸ್‌ಬುಕ್ಕಿನಲ್ಲಿ ನೆಫ್ಟ್ ಅಂತ ಇದ್ದು ಪಕ್ಕದಲ್ಲಿ ಯಾವುದೋ ಕಂಪನಿಯ ಅರ್ಧ ಹೆಸರು. ಯಾವ ಕಥೆಯ ದುಡ್ಡು ಅಂತ ಆಗ ಶೀಟು ನೋಡಿಯೇ ತಿಳಿಯಬೇಕು.