ಪೇಟಿ ಸುಳ್ಳು ಹೇಳಬಾರದು

ರವಿವಾರ, 11 ಜನವರಿ 2026
ನವನಗರ, ಬಾಗಲಕೋಟೆ. ರಾತ್ರಿ 10.40

ಈಗಷ್ಟೇ ಗುಳೇದಗುಡ್ಡದಿಂದ ಬಂದೆ. ನಾಳೆ ಎರಡು ಮದುವೆ ವಿಡಿಯೋ ಎಡಿಟಿಂಗ್ ಮುಗಿಸಿ ಕೊಡಬೇಕು, ಬೇಗ ಮಲಗಬೇಕಿತ್ತು. ಆದರೆ ಇವತ್ತಿನದು ಇವತ್ತೇ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಎರಡು ಸ್ವರ ತಲೆಯಲ್ಲಿ ಇನ್ನೂ ಓಡಾಡುತ್ತಿವೆ.

ನಿನ್ನೆ ರಾತ್ರಿ ಕಾಕಾನನ್ನು ಕರೆದುಕೊಂಡು ಬನಶಂಕರಿ ಜಾತ್ರೆಗೆ ಹೋಗಿದ್ದೆ. ಬನದ ಹುಣ್ಣಿಮೆಯ ತೇರು ಆಗಿ ವಾರವಾಯಿತು, ಆದರೆ ನಾಟಕದ ಟೆಂಟುಗಳು ಇನ್ನೂ ಇವೆ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯ ಕೈಯಿಂದ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದು ಎರಡನೇ ಆಟಕ್ಕೆ ಟಿಕೆಟ್ ತಗೊಂಡೆವು. ಕಾಕಾ ಕಂಪನಿ ನಾಟಕಗಳಲ್ಲಿ ಇಪ್ಪತ್ತೆರಡು ವರ್ಷ ಪೇಟಿ (ಹಾರ್ಮೋನಿಯಂ) ಮಾಸ್ತರ ಆಗಿದ್ದವರು. ಕಾಲಿನಿಂದ ಗಾಳಿ ತುಂಬಿ ಎರಡೂ ಕೈಯಿಂದ ನುಡಿಸುವ ಕಾಲುಪೆಟ್ಟಿಗೆ ಅವರದು. ಮೊಣಕಾಲು ಹೋದ ಮೇಲೆ ಅದನ್ನು ಮಾರಿಬಿಟ್ಟರು. ಈಗ ಮನೆಯಲ್ಲಿ ಸಣ್ಣ ಕೈಪೇಟಿ ಒಂದಿದೆ.

ನಾಟಕದಲ್ಲಿ ಒಂದು ದೆವ್ವದ ಸೀನ್ ಇತ್ತು. ಲೈಟ್ ಆರಿಸಿದರು, ಹೊಗೆ ಬಿಟ್ಟರು, ಬಿಳಿ ಸೀರೆ ಬಂತು, ಕೀಬೋರ್ಡಿನಿಂದ ದೊಡ್ಡ ಸದ್ದು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಡಲೆಕಾಯಿ ಸುಲಿಯುತ್ತಲೇ ಇದ್ದರು. ಕಾಕಾ ನನ್ನ ಕಿವಿಯಲ್ಲಿ ಹೇಳಿದರು, "ಅಂಜಿಕಿ ಬರಲಿಲ್ಲ ತಮ್ಮಾ."

ಯಾಕೆ ಬರಲಿಲ್ಲ ಅನ್ನುವುದು ಗೊತ್ತಾಗಿದ್ದು ಇವತ್ತು ಮುಂಜಾನೆ. ಚಹಾ ಕುಡಿಯುತ್ತಾ ಕಾಕಾ ಬೆರಳು ಮಡಚಿ ಎಣಿಸಿದರು. ಆ ದೊಡ್ಡ ಸದ್ದು ದೆವ್ವಕ್ಕಿಂತ ಮೊದಲೇ ಐದು ಸಲ ಬಂದಿತ್ತಂತೆ. ಹಾಸ್ಯದವನು ಕಾಲು ಜಾರಿ ಬಿದ್ದಾಗ ಒಂದು. ಮಾವ ಬಾಗಿಲು ತೆಗೆದಾಗ ಒಂದು. ಖಳನಾಯಕ ಬರೀ ತಿರುಗಿ ನೋಡಿದಾಗ ಎರಡು. ಇನ್ನೊಂದು ಯಾತಕ್ಕೋ.

"ಪೇಟಿ ಸುಳ್ಳ ಹೇಳಬಾರದೋ. ಒಮ್ಮೆ ಸುಳ್ಳ ಹೇಳಿತಂದ್ರ ಮಂದಿ ಕಿವಿ ಮತ್ತ ನಂಬೂದಿಲ್ಲ. ಆಮ್ಯಾಲ ಖರೇ ದೆವ್ವ ಬಂದ್ರೂ ಅಷ್ಟ."

ನಾನು ಚಹಾ ಕೆಳಗಿಟ್ಟು ಮೊಬೈಲ್ ತೆಗೆದೆ. ಈ ಮಾತು ಕೇಳಿದ ಕೂಡಲೇ ನನಗೆ ನೆನಪಾಗಿದ್ದು ಶಾರ್ಕ್ ಮೀನಿನ ಸಿನಿಮಾ. 1975ರ 'ಜಾಸ್'. ಕಾಕಾ ಅದನ್ನು ನೋಡಿಲ್ಲ. ಮೊದಲು ಬರೀ ಸಂಗೀತ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪೇಟಿ ಎಳೆದುಕೊಂಡು, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಜಾಗ ಹಿಡಿದರು. ಬಿಳಿ ಒಂದನ್ನು, ಅಂದರೆ ಪೇಟಿಯ ಮೊದಲ ಬಿಳಿ ಪಟ್ಟಿಯನ್ನು, ಸಾ ಮಾಡಿಕೊಂಡರೆ ಗ ಮತ್ತು ಮ. ಅಕ್ಕಪಕ್ಕದ ಎರಡು ಬಿಳಿ ಪಟ್ಟಿ, ನಡುವೆ ಕರಿ ಪಟ್ಟಿ ಕೂಡ ಇಲ್ಲ. ಗ ಮ... ಗ ಮ... ಗಮ ಗಮ ಗಮ ಗಮ. ಅಷ್ಟೇ ಅದು. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಇದನ್ನು ಮೊದಲ ಸಲ ಪಿಯಾನೋದಲ್ಲಿ ನುಡಿಸಿ ತೋರಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆ ಅಂದುಕೊಂಡು ನಕ್ಕಿದ್ದರು. ಅದೇ ಸಂಗೀತಕ್ಕೆ ಆಮೇಲೆ ಆಸ್ಕರ್ ಬಂತು.

ಕಾಕಾ ನಗಲಿಲ್ಲ. "ನಾನೂ ಇದನ್ನ ಬಾರಿಸ್ತಿದ್ದೆ" ಅಂದರು.

ಅವರು ದೆವ್ವ ಬರುವ ಮುಂಚೆ ಬಾರಿಸುತ್ತಿದ್ದದ್ದು ಖರ್ಜದಲ್ಲಿ, ಅಂದರೆ ಕೆಳಗಿನ ದಪ್ಪ ದನಿಯಲ್ಲಿ, ಸಾ ಮತ್ತು ಕೋಮಲ (ಅರ್ಧ ಇಳಿಸಿದ) ರೆ. ಪಟ್ಟಿ ಬೇರೆ, ನಡುವಿನ ಅಂತರ ಒಂದೇ. ಎಲ್ಲಿಯ ಅಮೆರಿಕಾ, ಎಲ್ಲಿಯ ಗುಳೇದಗುಡ್ಡ! ನನಗೆ ಮೈ ಜುಮ್ಮೆಂದಿತು. ಆದರೆ ಕಾಕಾ ಅಲ್ಲಿಗೇ ನಿಲ್ಲಲಿಲ್ಲ. ಅದೇ ಸಾ, ಅದೇ ಕೋಮಲ ರೆ ಹಿಡಿದು, ರೆಯನ್ನು ನಿಧಾನವಾಗಿ ತೂಗುತ್ತಾ ಭೈರವ ರಾಗ ಎತ್ತಿಕೊಂಡರು. ಮನೆಯಲ್ಲಿ ಊದಿನಕಡ್ಡಿ ಹಚ್ಚಿದ ಹಾಗಾಯಿತು. ಗ ಮ ಕೂಡ ಅಷ್ಟೇ, ಖಮಾಜ್ ರಾಗದಲ್ಲಿ ಎಷ್ಟು ಸಿಹಿ. ಸ್ವರದಲ್ಲಿ ಹೆದರಿಕೆ ಇಲ್ಲ ಅಂತ ತೋರಿಸಲಿಕ್ಕೇ ಅವರು ಹಾಗೆ ನುಡಿಸಿದ್ದು. ಹೆದರಿಕೆ ಇರುವುದು ಎರಡು ಸ್ವರ ಆದ ಮೇಲೆ ಬಿಡುವ ಜಾಗದಲ್ಲಿ. ಮುಂದಿನದು ಯಾವಾಗ ಬರುತ್ತೆ ಅಂತ ಕಿವಿ ಕಾಯುತ್ತೆ ಅಲ್ವಾ, ಅಲ್ಲಿ. ಆ ಜಾಗ ಕಡಿಮೆ ಆಗುತ್ತಾ ಬಂದ ಹಾಗೆ ಅದು ಹತ್ತಿರ ಬರುತ್ತಿದೆ ಅಂತ ಯಾರೂ ಹೇಳದೆ ಗೊತ್ತಾಗುತ್ತದೆ.

ಆ ಸಿನಿಮಾದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ಹಾಗಾಗಿ ಮೀನನ್ನು ಜಾಸ್ತಿ ತೋರಿಸಲು ಆಗಲಿಲ್ಲ. ಅದರ ಬದಲು ಈ ಎರಡು ಸ್ವರವೇ ಮೀನಾಯಿತು. ಆದರೆ ನಾನು ಕಾಕಾನಿಗೆ ತೋರಿಸಬೇಕು ಅಂದುಕೊಂಡಿದ್ದು ಬೇರೆ ಸೀನ್. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಇಟ್ಟುಕೊಂಡು ನೀರಿನಲ್ಲಿ ಜನರನ್ನು ಹೆದರಿಸುತ್ತಾರೆ. ಎಲ್ಲರೂ ಕಿರುಚಿ ಓಡುತ್ತಾರೆ. ಆಗ ಆ ಎರಡು ಸ್ವರ ಬರುವುದೇ ಇಲ್ಲ. ಶಾರ್ಕ್ ಇಲ್ಲ, ಅದಕ್ಕೇ ಸಂಗೀತವೂ ಇಲ್ಲ.

ಕಾಕಾ ಆ ತುಣುಕನ್ನು ಎರಡು ಸಲ ನೋಡಿದರು. "ಖರೇ ಮಾಸ್ತರ ಇಂವ" ಅಂದರು. ನಾನು ಹತ್ತಾರು ಸಲ ನೋಡಿದ ಸಿನಿಮಾ ಅದು, ಆದರೆ ಇಷ್ಟು ಚೊಕ್ಕವಾಗಿ ನನಗೆ ಯಾವತ್ತೂ ಅರ್ಥ ಆಗಿರಲಿಲ್ಲ. ಇಷ್ಟು ಹೊತ್ತು ಖರೆ ಹೇಳಿದ್ದರಿಂದಲೇ, ಮುಂದೆ ಒಂದು ಕಡೆ ಯಾವ ಸಂಗೀತವೂ ಇಲ್ಲದೆ ಶಾರ್ಕ್ ದಿಢೀರನೆ ತಲೆ ಎತ್ತಿದಾಗ ನಾವು ಕುರ್ಚಿಯಿಂದ ಹಾರುತ್ತೇವೆ. ನಂಬಿಕೆ ಬೆಳೆಸಿದವನಿಗೆ ಮಾತ್ರ ಆ ಒಂದು ಸಲ ಸುಮ್ಮನಿರುವ ಹಕ್ಕು ಇರುತ್ತದೆ. ಈಗಿನ ಎಷ್ಟೋ ದೆವ್ವದ ಸಿನಿಮಾಗಳಲ್ಲಿ ಬೆಕ್ಕು ಜಿಗಿದರೂ ಢಮ್, ಕನ್ನಡಿ ಮುಚ್ಚಿದರೂ ಢಮ್. ಬೆಚ್ಚಿ ಬೀಳುತ್ತೇವೆ, ಹೌದು. ಆದರೆ ತಟ್ಟೆ ಬಿದ್ದರೂ ಬೆಚ್ಚಿ ಬೀಳುತ್ತೇವೆ. ಅದನ್ನು ಹೆದರಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ 1960ರ 'ಸೈಕೋ' ಹಚ್ಚಿದೆ. ಬಾತ್‌ರೂಮಿನ ಸೀನ್ ಅಲ್ಲ, ಅದಕ್ಕಿಂತ ಮೊದಲಿನದು. ಒಬ್ಬಳು ಹೆಣ್ಣುಮಗಳು ದುಡ್ಡು ಕದ್ದುಕೊಂಡು ಕಾರು ಓಡಿಸುತ್ತಿದ್ದಾಳೆ. ರಸ್ತೆ, ಅವಳ ಮುಖ, ಮಳೆ. ಬೇರೇನೂ ಆಗುವುದಿಲ್ಲ. ಆದರೆ ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ಅವರ ವಾಯೊಲಿನ್‌ಗಳು ಅವಳ ಹಿಂದೆಯೇ ಓಡುತ್ತವೆ. ಇದು ಸುಳ್ಳಾಯಿತೋ ಇಲ್ಲವೋ ಅಂತ ಕಾಕಾನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

"ಇಲ್ಲ. ಆಕೀಗೆ ಇನ್ನೂ ಗೊತ್ತಿಲ್ಲ. ಪೇಟಿಗೆ ಗೊತ್ತೈತಿ."

ಆ ಇಡೀ ಸಿನಿಮಾದಲ್ಲಿ ತಂತಿವಾದ್ಯ ಬಿಟ್ಟರೆ ಬೇರೆ ವಾದ್ಯ ಇಲ್ಲ. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಚಿತ್ರ ಕಪ್ಪು ಬಿಳುಪು, ಸದ್ದೂ ಕಪ್ಪು ಬಿಳುಪೇ ಇರಲಿ ಅಂತ ಹರ್ಮನ್ ಹಾಗೆ ಮಾಡಿದರು. ಬಾತ್‌ರೂಮಿನ ಕೊಲೆಗೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದರು. ಹರ್ಮನ್ ಅದನ್ನು ಮೀರಿ ಬರೆದಿಟ್ಟರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಆ ಕಿರುಚುವ ವಾಯೊಲಿನ್ ಇವತ್ತು ಸಿನಿಮಾ ನೋಡದವರಿಗೂ ಗೊತ್ತು, ಕಾಕಿಗೂ ಗೊತ್ತಿತ್ತು! ಟಿವಿ ಧಾರಾವಾಹಿಯಲ್ಲಿ ಕೇಳಿದ್ದಾರಂತೆ.

ವಾಯೊಲಿನ್ ಅಷ್ಟು ಒರಟಾಗಿ ಕೂಗಿದ್ದು ಕೇಳಿ ಕಾಕಾ ತಮ್ಮ ಒಂದು ಗುಟ್ಟು ಹೇಳಿದರು. ಕಾಲುಪೆಟ್ಟಿಗೆಗೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ತುಳಿದರೆ ಸ್ವರ ಒಂಚೂರು ಇಳಿದು ಒಡಕಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಅದು ತಪ್ಪು. ದೆವ್ವದ ಸೀನಿಗೆ ಮಾತ್ರ ಬೇಕಂತಲೇ ತುಳಿಯುತ್ತಿದ್ದರು. ಗಂಟಲು ಹರಿದುಕೊಂಡು ಅಳುವ ಕೂಸಿನ ದನಿ ಹಾಗೇ ಇರುತ್ತದೆ ಅಲ್ವಾ? ಹೆದರಿದ ಕುರಿಮರಿಯದೂ ಹಾಗೇ. ತನ್ನ ಶಕ್ತಿ ಮೀರಿ ಕೂಗುವ ಸದ್ದು ಕೇಳಿದರೆ ನಮ್ಮ ಮೈ ತಾನಾಗೇ ಎದ್ದು ನಿಲ್ಲುತ್ತದೆ.

ಮಧ್ಯಾಹ್ನ ಊಟ ಆದ ಮೇಲೆ ತಾಳದ ಮಾತು ಬಂತು. ಇವತ್ತು ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

1978ರ 'ಹ್ಯಾಲೋವೀನ್' ಸಂಗೀತ ಹಚ್ಚಿದೆ. ನಿರ್ದೇಶಕ ಜಾನ್ ಕಾರ್ಪೆಂಟರ್ ಅವರೇ ಮಾಡಿದ್ದು. ಸಂಗೀತ ಹಾಕುವ ಮೊದಲು ಸಿನಿಮಾ ಕಂಪನಿಯವರೊಬ್ಬರಿಗೆ ತೋರಿಸಿದಾಗ ಅವರಿಗೆ ಒಂಚೂರೂ ಹೆದರಿಕೆ ಆಗಲಿಲ್ಲ. ಆಮೇಲೆ ಕೆಲವೇ ದಿನಗಳಲ್ಲಿ ಈ ಪಿಯಾನೋ ತುಣುಕು ಸೇರಿಸಿದರು. ಐದರ ಲೆಕ್ಕ, ಕಾರ್ಪೆಂಟರ್ ಚಿಕ್ಕವರಿದ್ದಾಗ ಅವರ ಅಪ್ಪ ಬೊಂಗೋ (ಸಣ್ಣ ಜೋಡಿ ಡ್ರಮ್) ಮೇಲೆ ಕಲಿಸಿಕೊಟ್ಟಿದ್ದು. ಕಾಕಾ ತೊಡೆ ತಟ್ಟಿ, ಒಂದೊಂದನ್ನೂ ಎರಡಾಗಿ ಒಡೆದು ಮಾತ್ರೆ (ತಾಳದ ಎಣಿಕೆ) ಎಣಿಸಿದರು. "ಹತ್ತು ಮಾತ್ರೆ. ಝಪತಾಲ!" ಅಂದು ಆ ತಾಳದ ಹಾಗೆ ಎರಡು ಮೂರು, ಎರಡು ಮೂರು ತಟ್ಟತೊಡಗಿದರು. ಸಮ್, ಅಂದರೆ ಸುತ್ತಿನ ಮೊದಲ ಪೆಟ್ಟು, ಸರಿಯಾಗಿ ಬಿತ್ತು, ನಡುವೆ ಎಲ್ಲವೂ ತಪ್ಪಿತು. ಹುಬ್ಬು ಗಂಟಿಕ್ಕಿ ಮತ್ತೆ ಕೇಳಿದರು. ಅದು ಮೂರು ಮೂರು, ಎರಡು ಎರಡು. ಎರಡು ಸಲ ನಡಿಗೆ ದೊಡ್ಡದು, ಎರಡು ಸಲ ಚಿಕ್ಕದು. ಕುಂಟುತ್ತಾ ಬೆನ್ನು ಹತ್ತಿದ ಹಾಗೆ.

ಅದು ಅರ್ಥವಾದದ್ದೇ ತಡ, ಇನ್ನೊಂದು ಹಚ್ಚು ಅಂದರು. 1973ರ 'ಎಕ್ಸಾರ್ಸಿಸ್ಟ್' ಹಚ್ಚಿದೆ. ಆ ಗಂಟೆಯಂಥ ಪಿಯಾನೋ ತುಣುಕು ಸಿನಿಮಾಕ್ಕಾಗಿ ಮಾಡಿದ್ದೇ ಅಲ್ಲ. ಮೈಕ್ ಓಲ್ಡ್‌ಫೀಲ್ಡ್ ಅನ್ನುವ ಇಂಗ್ಲೆಂಡಿನ ಹುಡುಗ, ಇಪ್ಪತ್ತರ ಆಸುಪಾಸಿನವನು, ಅದೇ ವರ್ಷ ತಂದ 'ಟ್ಯೂಬುಲರ್ ಬೆಲ್ಸ್' ಆಲ್ಬಮ್ಮಿನ ಆರಂಭ ಅದು. ಸಿನಿಮಾಕ್ಕೆ ಅಂತಲೇ ಬೇರೆಯವರು ಮಾಡಿಕೊಟ್ಟ ಸಂಗೀತವನ್ನು ನಿರ್ದೇಶಕ ಫ್ರೀಡ್ಕಿನ್ ಬೇಡ ಅಂದಿದ್ದರು.

ಕಾಕಾ ಎಣಿಸಿದರು. ಹದಿನಾರು ಮಾತ್ರೆಯ ತೀನ್‌ತಾಲ ಅಂದುಕೊಂಡು ಹದಿನಾರಕ್ಕೆ ಕೈ ಎತ್ತಿದರು, ಆದರೆ ಅಷ್ಟರಲ್ಲಿ ಅದು ಮತ್ತೆ ಮೊದಲಿನಿಂದ ಶುರುವಾಗಿತ್ತು. ಮತ್ತೆ ಎಣಿಸಿದರು. ಏಳು, ಆಮೇಲೆ ಎಂಟು. ಒಟ್ಟು ಹದಿನೈದು!

"ತೀನ್‌ತಾಲದಾಗ ಒಂದ ಮಾತ್ರೆ ಕದ್ದಾನ."

ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದಿದೆ ಅಂತ ಕಾಲಿಟ್ಟರೆ ನೆಲವೇ ಬಂದುಬಿಡುತ್ತದಲ್ಲ, ಎದೆ ಧಸಕ್ ಅನ್ನುತ್ತದಲ್ಲ, ಥೇಟ್ ಹಾಗೆ. ರಾಗ ಕೇಳಿದರೆ ಲಾಲಿಯ ಹಾಗೆ ಮೆತ್ತಗಿದೆ. ಲೆಕ್ಕ ಮಾತ್ರ ಪ್ರತಿ ಸುತ್ತಿನಲ್ಲೂ ಒಂದು ಮೆಟ್ಟಿಲು ಕಡಿಮೆ. ಎಣಿಸಲು ಬಾರದವರ ಕಿವಿಗೂ ಏನೋ ಸರಿ ಇಲ್ಲ ಅಂತ ಗೊತ್ತಾಗುತ್ತದೆ. ಹದಿನೈದು ಮಾತ್ರೆಯ ತಾಳ ನಮ್ಮಲ್ಲೂ ಇದೆ, ಪಂಚಮ ಸವಾರಿ. ಅದರಲ್ಲಿ ಹೆದರಿಕೆ ಇಲ್ಲ, ಗಾಂಭೀರ್ಯ ಇದೆ ಅಂದರು ಕಾಕಾ. ಮುಂಜಾನೆಯ ಭೈರವದ ಮಾತೇ ಮತ್ತೆ ಬಂದ ಹಾಗಾಯಿತು.

ನಮ್ಮ ಸಿನಿಮಾಗಳ ಮಾತೂ ಬಂತು. 1949ರ 'ಮಹಲ್' ಬಗ್ಗೆ ಕಾಕಾನಿಗೆ ನನಗಿಂತ ಜಾಸ್ತಿ ಗೊತ್ತು. ಖೇಮಚಂದ್ ಪ್ರಕಾಶ್ ಅವರ ಸಂಗೀತ. 'ಆಯೇಗಾ ಆನೇವಾಲಾ' ಹಾಡಿಗೆ ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು ಶುರು ಮಾಡಿ, ಹಾಡುತ್ತಾ ಮೈಕಿನ ಹತ್ತಿರ ನಡೆದು ಬಂದರು. ದನಿ ಎಲ್ಲಿಂದಲೋ ಬಂದು ಕಿವಿ ಪಕ್ಕ ನಿಂತ ಹಾಗೆ ಕೇಳುವುದು ಅದಕ್ಕೇ. ಕಂಪನಿ ನಾಟಕದಲ್ಲೂ ದೆವ್ವದ ಪಾತ್ರದವರು ಮೊದಲು ಪರದೆಯ ಹಿಂದೆ, ಗೋಡೆ ಕಡೆ ಮುಖ ಮಾಡಿ ಹಾಡುತ್ತಿದ್ದರಂತೆ. ಇನ್ನು 2004ರ 'ಆಪ್ತಮಿತ್ರ'. ಗುರುಕಿರಣ್ ಅವರ 'ರಾ ರಾ' ಎಲ್ಲರ ಬಾಯಲ್ಲೂ ಇತ್ತು. ಆದರೆ ನಾನು ಚಿಕ್ಕವನಿದ್ದಾಗ ರಾತ್ರಿ ಹೊರಗೆ ಹೋಗಲು ಹೆದರುತ್ತಿದ್ದದ್ದು ಆ ಹಾಡಿಗಲ್ಲ, ಗೆಜ್ಜೆಗೆ. ನಮ್ಮ ಕಡೆ ಗೆಜ್ಜೆ ಸದ್ದಂದರೆ ಎತ್ತು, ಜಾತ್ರೆ, ಹೊಸ ಸೊಸೆ. ಎಲ್ಲವೂ ಖುಷಿಯದೇ. ಆ ಸಿನಿಮಾ ನೋಡಿದ ಮೇಲೆ ಒಂದು ತಿಂಗಳು ನಮ್ಮ ಎತ್ತು ಕೊರಳು ಅಲ್ಲಾಡಿಸಿದರೂ ನಾನು ಅವ್ವನ ಸೆರಗು ಹಿಡಿಯುತ್ತಿದ್ದೆ.

ಸಂಜೆ ಆರೂವರೆ ಆಗಿತ್ತು. ಇನ್ನು ಹೊರಡಬೇಕು ಅಂತ ಎದ್ದೆ. ಕಾಕಾ ಆ ಹದಿನೈದರ ತುಣುಕನ್ನು ಪೇಟಿಯಲ್ಲಿ ಹಿಡಿಯಲು ನೋಡುತ್ತಿದ್ದರು. ನಾನು ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಪಕ್ಕದಲ್ಲಿಟ್ಟೆ. ಅವರ ಬೀದಿ ನೇಕಾರರ ಬೀದಿ. ಪಕ್ಕದ ಮನೆಯ ಪವರ್‌ಲೂಮ್ ಮುಂಜಾನೆಯಿಂದ ಹೊಡೆಯುತ್ತಲೇ ಇತ್ತು. ಟಕಟಕ್ ಟಕಟಕ್. ದಿನವಿಡೀ ಇದ್ದದ್ದರಿಂದ ನನ್ನ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ.

ಕರೆಂಟ್ ಹೋಯಿತು. ಮಗ್ಗ ನಿಂತಿತು.

ಆಗ ಕೇಳಿಸಿತು, ಅದು ಇಷ್ಟು ಹೊತ್ತು ಇತ್ತು ಅಂತ. ಇಡೀ ಬೀದಿ ಉಸಿರು ಹಿಡಿದ ಹಾಗಾಯಿತು. ಕಾಕಾ ಕೂಡ ಥಟ್ಟನೆ ನಿಲ್ಲಿಸಿದರು, ಹದಿನಾಲ್ಕನೆಯದಕ್ಕೋ ಹದಿನೈದನೆಯದಕ್ಕೋ. ಬೆರಳು ಪಟ್ಟಿಯ ಮೇಲೇ ಇತ್ತು. ಕತ್ತಲೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ನಿಜವಾಗಿ ಹೇಳುತ್ತೇನೆ, ನನ್ನ ತೋಳಿನ ಮೇಲೆ ಕೂದಲು ನಿಂತಿತ್ತು.

ಅಡುಗೆಮನೆಯಿಂದ ಕಾಕಿಯ ದನಿ ಬಂತು. "ಅಲ್ರೀ, ಅದನ್ನ ಅಷ್ಟಕ್ಕ ಯಾಕ ಬಿಟ್ರಿ? ಮುಗಸ್ರಿ, ನನಗ ಒಂಥರಾ ಆಗಾಕತ್ತೈತಿ."

ಕಾಕಾ ಸಾ ಒತ್ತಿ ಹಿಡಿದರು. ಕಾಕಿ ಬುಡ್ಡಿ ಹಚ್ಚಿಕೊಂಡು ಹೊರಗೆ ಬರುವ ತನಕ ಬಿಡಲಿಲ್ಲ.

ರೆಕಾರ್ಡಿಂಗ್ ಈಗ ಹೆಡ್‌ಫೋನಿನಲ್ಲಿ ಕೇಳಿದೆ. ನಾಲ್ಕು ನಿಮಿಷ ಇದೆ. ಮೊದಲಿಗೆ ಮಗ್ಗ ಮತ್ತು ಪೇಟಿ, ಆಮೇಲೆ ಏನೂ ಇಲ್ಲ, ಆಮೇಲೆ ಕಾಕಿ. ಏನೂ ಇಲ್ಲದ ಆ ಜಾಗ ಹನ್ನೊಂದು ಸೆಕೆಂಡು. ಅದನ್ನು ಮೂರು ಸಲ ಕೇಳಿದೆ.