ಮೇಡಂ, ನೀವು ದೇವರನ್ನು ನಂಬುತ್ತೀರಾ?

ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಕುಟುಂಬದ ಪಾಠ ಮಾಡುವಾಗ ‘ನಿಮ್ಮ ಸಂಸಾರ ಹೇಗಿದೆ ಮೇಡಂ’ ಎಂದು ಯಾರೂ ಕೇಳುವುದಿಲ್ಲ. ಅಪರಾಧದ ಪಾಠದಲ್ಲಿ ‘ನೀವು ಏನಾದರೂ ಕದ್ದಿದ್ದೀರಾ’ ಎಂದು ಕೇಳಿದವರಿಲ್ಲ. ಧರ್ಮದ ಘಟಕ ಶುರುವಾದರೆ ಸಾಕು, ಮೊದಲ ವಾರದಲ್ಲೇ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ: ‘ಮೇಡಂ, ನೀವು ದೇವರನ್ನು ನಂಬುತ್ತೀರಾ?’ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರೂ ಇದನ್ನೇ ಕೇಳುತ್ತಾರೆ. ಪ್ರವೇಶಾತಿಯ ದಿನ ತಂದೆಯೊಬ್ಬರು ಅರ್ಜಿ ಹಿಡಿದು ನಿಂತು, ‘ಇದನ್ನೆಲ್ಲ ಓದಿದ ಮೇಲೆ ಮಗಳು ಸಂಜೆ ದೀಪ ಹಚ್ಚುವುದನ್ನು ಬಿಡುವುದಿಲ್ಲ ತಾನೆ?’ ಎಂದರು. ಅದೂ ಇದೇ ಪ್ರಶ್ನೆಯೇ.

ತರಗತಿಯಲ್ಲಿ ನನ್ನ ಉತ್ತರ ಒಂದೇ: ‘ಆಂತರಿಕ ಅಂಕಗಳನ್ನು ಕಳುಹಿಸಿದ ಮೇಲೆ ಕೇಳಿ.’ ಮಕ್ಕಳು ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ. ನಂಬುತ್ತೇನೆ ಎಂದರೆ ಉತ್ತರಪತ್ರಿಕೆಗಳಲ್ಲಿ ಭಕ್ತಿ ಉಕ್ಕುತ್ತದೆ, ಇಲ್ಲ ಎಂದರೆ ವೈಚಾರಿಕತೆ ಉಕ್ಕುತ್ತದೆ. ಎರಡಕ್ಕೂ ಅಂಕ ಕೊಡುವ ಕಷ್ಟ ನನ್ನದು.

ಇನ್ನೊಂದು ಕಾರಣವೂ ಇದೆ. ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಹಾಗಾದರೆ ನಿಮ್ಮ ಪಾಠವೇ ಕಾನೂನುಬಾಹಿರವಲ್ಲವೇ ಎಂದು ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಕಾಲೆಳೆಯುತ್ತಾರೆ. ಅಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ ಎಂದು 1964–66ರ ಕೊಠಾರಿ ಆಯೋಗವೇ ಗೆರೆ ಎಳೆದಿತ್ತು. ಶಾಲಾ ಪಠ್ಯಕ್ರಮದ ಕುರಿತು ಅರುಣಾ ರಾಯ್ ಹಾಕಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದೇ ವ್ಯತ್ಯಾಸವನ್ನು ಒಪ್ಪಿತು. ನಾನು ನಿಂತಿರುವುದು ಆ ಗೆರೆಯ ಮೇಲೆ. ನನ್ನ ನಂಬಿಕೆಯನ್ನು ಕರಿಹಲಗೆಯ ಮುಂದೆ ನಿಂತು ಸಾರಿದರೆ ಒಂದು ಕಾಲು ಆಚೆಗೆ ಬಿದ್ದಂತೆ.

ನಂಬುವವರಿಗೆ ಈ ಪಾಠ ಮಾಡಲು ಬರುವುದಿಲ್ಲ, ನಂಬದವರಿಗೆ ಧರ್ಮ ಅರ್ಥವಾಗುವುದಿಲ್ಲ ಎಂಬ ಎರಡು ಅನುಮಾನಗಳು ಈ ಪ್ರಶ್ನೆಯ ಹಿಂದಿರುತ್ತವೆ. ನಮ್ಮ ಶಾಸ್ತ್ರದ ಹಿರಿಯರನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ. ಎಮಿಲ್ ಡರ್ಖೈಮ್ ಯಹೂದಿ ಧರ್ಮಗುರುವಿನ ಮಗ. ಸ್ವತಃ ನಂಬಿಕೆ ಉಳಿಸಿಕೊಂಡವರಲ್ಲ. ಆದರೂ 1912ರ ತಮ್ಮ ಮುಖ್ಯ ಗ್ರಂಥದಲ್ಲಿ, ಸುಳ್ಳು ಧರ್ಮ ಎಂಬುದು ಯಾವುದೂ ಇಲ್ಲ, ಎಲ್ಲವೂ ತಮ್ಮ ತಮ್ಮ ರೀತಿಯಲ್ಲಿ ನಿಜವೇ ಎಂದು ವಾದಿಸಿದರು. ಮ್ಯಾಕ್ಸ್ ವೆಬರ್ 1909ರ ಪತ್ರವೊಂದರಲ್ಲಿ, ಧರ್ಮದ ವಿಷಯದಲ್ಲಿ ತನಗೆ ಸಂಗೀತದ ಕಿವಿಯೇ ಇಲ್ಲ, ಹಾಗೆಂದು ತಾನು ಧರ್ಮವಿರೋಧಿಯಲ್ಲ ಎಂದು ಬರೆದುಕೊಂಡರು. ಇತ್ತ ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1944ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದವರು. ಆಫ್ರಿಕಾದ ಅಜಾಂಡೆ ಜನರ ಮಾಟದ ನಂಬಿಕೆಯ ಬಗ್ಗೆ ಅವರು ಬರೆದದ್ದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಕಣಜ ಕುಸಿದು ಅದರ ನೆರಳಲ್ಲಿ ಕುಳಿತವರು ಗಾಯಗೊಳ್ಳುತ್ತಾರೆ. ಕಂಬವನ್ನು ಗೆದ್ದಲು ತಿಂದಿತ್ತು ಎಂಬುದು ಅಜಾಂಡೆಗಳಿಗೂ ಗೊತ್ತು. ಅವರು ಕೇಳುವುದು, ಇವರೇ ಕುಳಿತಿದ್ದಾಗಲೇ, ಆ ಗಳಿಗೆಯಲ್ಲೇ ಏಕೆ ಬಿತ್ತು ಎಂದು. ಹೊಸ ಬೈಕು ಅಪಘಾತವಾದಾಗ ‘ಬ್ರೇಕ್ ಹಿಡಿಯಲಿಲ್ಲ’ ಎನ್ನುವ ಅಪ್ಪ, ‘ಯಾರದೋ ಕಣ್ಣು ಬಿತ್ತು’ ಎನ್ನುವ ಅಮ್ಮ ಇಬ್ಬರೂ ಒಂದೇ ಮನೆಯಲ್ಲಿರುವುದು ಆಗ ಮಕ್ಕಳಿಗೆ ನೆನಪಾಗುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಈ ಇವಾನ್ಸ್-ಪ್ರಿಚರ್ಡ್ ಅವರ ಬಳಿ ಕಲಿತವರಲ್ಲಿ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರೂ ಒಬ್ಬರು. ಕೊಡವರ ಒಕ್ಕ (ಒಂದೇ ಮನೆತನದ ಕೂಡುಕುಟುಂಬ), ಊರು, ನಾಡುಗಳನ್ನು ಹಬ್ಬ, ಮದುವೆ, ಸಾವಿನ ವಿಧಿಗಳು ಹೇಗೆ ಹೆಣೆದು ಹಿಡಿದಿವೆ ಎಂದು ತೋರಿಸಿದ ಅವರ ಗ್ರಂಥ 1952ರಲ್ಲಿ ಬಂತು. ಮಡಿ, ಪೊಲೆ (ಮೈಲಿಗೆ) ಎಂಬ ಮನೆಮಾತುಗಳು ಅಲ್ಲಿ ಶಾಸ್ತ್ರದ ಪದಗಳಾದವು. ನಮ್ಮಜ್ಜಿ ದಿನಕ್ಕೆ ಹತ್ತು ಸಲ ಬೈಯಲು ಬಳಸುತ್ತಿದ್ದ ಮಾತು ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಸಿಕ್ಕಾಗ ನನಗೆ ಆದ ಬೆರಗು ಈಗಲೂ ಇಳಿದಿಲ್ಲ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಶ್ರೀನಿವಾಸರು 1948ರಲ್ಲಿ ಹೋಗಿ ನೆಲೆಸಿದ, ರಾಮಪುರ ಎಂದು ಅವರು ಕರೆದ ಹಳ್ಳಿಯಲ್ಲಿ. ಊರಿನವರು ಅವರನ್ನು ಸಂಶೋಧಕ ಎಂದು ನೋಡುವ ಮೊದಲು ಬ್ರಾಹ್ಮಣ ಎಂದು ನೋಡಿದರು. ಇಳಿದುಕೊಂಡದ್ದು ಪಟೇಲರ ಆಶ್ರಯದಲ್ಲಿ. ಹಾಗಾಗಿ ದಲಿತರ, ಮುಸ್ಲಿಮರ ಮನೆಗಳಿಗೆ ಮುಕ್ತವಾಗಿ ಹೋಗಿ ಬೆರೆಯಲು ಆಗಲಿಲ್ಲ ಎಂದು ಅವರೇ ಬರೆದಿದ್ದಾರೆ. ಅವರು ದೇವರನ್ನು ನಂಬುತ್ತಿದ್ದರೇ ಎಂಬುದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಯಾರ ಜಗುಲಿಯ ಮೇಲೆ ಕುಳಿತು ಊರನ್ನು ನೋಡಿದರು ಎಂಬುದು ಲೆಕ್ಕಕ್ಕೆ ಬಂತು. ಹಾಗಾಗಿ ನಂಬುತ್ತೀರಾ ಎಂದು ಕೇಳುವವರಿಗೆ ನಾನು ಕೊಡಬಯಸುವ ಸಲಹೆ, ನಾನು ಎಲ್ಲಿ ಕುಳಿತಿದ್ದೇನೆ ಎಂದು ಕೇಳಿ.

ತರಗತಿಯಲ್ಲಿ ಒಂದು ಅಭ್ಯಾಸ ಕೊಡುತ್ತೇನೆ. ನಿಮ್ಮ ಮನೆಯ ಅಥವಾ ಊರಿನ ಒಂದು ಆಚರಣೆಯನ್ನು ನೋಡಿ ಬರೆಯಿರಿ. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನಬೇಡಿ. ಯಾರು ಮುಂದೆ ನಿಂತರು, ಯಾರು ಹೊರಗೆ ನಿಂತರು, ಖರ್ಚು ಯಾರದು, ಪೂಜೆ ಮಾಡಿದವರು ಯಾರು, ಪೂಜೆಯ ಸಾಮಾನು ತೊಳೆದವರು ಯಾರು, ಇಷ್ಟು ಬರೆಯಿರಿ. ಮೊದಲ ಸಲ ಎಲ್ಲರೂ ಅಂತರ್ಜಾಲದಿಂದ ಹಬ್ಬದ ಮಹತ್ವ ಇಳಿಸಿಕೊಂಡು ಬರುತ್ತಾರೆ. ವಾಪಸ್ ಕೊಡುತ್ತೇನೆ.

ರಾಯಚೂರು ಕಡೆಯ ಹುಡುಗಿಯೊಬ್ಬಳು ತನ್ನೂರಿನ ಮೊಹರಂ ಬರೆದು ತಂದಿದ್ದಳು. ಊರಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಕೈಯಾಕಾರದ ಪಂಜಾಗಳನ್ನು ಕೂರಿಸುತ್ತಾರೆ, ಹರಕೆ ಹೊರುತ್ತಾರೆ, ಹಸನ್ ಹುಸೇನರ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ರಾತ್ರಿಯಿಡೀ ಹಾಡುತ್ತಾರೆ. ‘ಹಾಗಾದರೆ ಅದು ಯಾವ ಧರ್ಮದ ಹಬ್ಬ?’ ಎಂದು ತರಗತಿ ಎರಡು ಪಾಲಾಗಿ ಜಗಳಕ್ಕೆ ನಿಂತಿತು. ಅವಳು ತಬ್ಬಿಬ್ಬಾಗಿ, ‘ನಮ್ಮೂರ ಹಬ್ಬ’ ಎಂದಳು. ಧರ್ಮವೆಂದರೆ ಜನರನ್ನು ಒಂದು ಸಮುದಾಯವಾಗಿ ಬೆಸೆಯುವುದು ಎಂದು ಡರ್ಖೈಮ್ ಪುಟಗಟ್ಟಲೆ ಬರೆದದ್ದಕ್ಕೆ ಅದಕ್ಕಿಂತ ಚಿಕ್ಕ ಟಿಪ್ಪಣಿಯನ್ನು ನಾನು ಕಂಡಿಲ್ಲ. ಅರ್ಜಿ ನಮೂನೆಯಲ್ಲಿ ಧರ್ಮಕ್ಕೆ ಒಂದೇ ಚೌಕವಿರುತ್ತದೆ. ಊರು ಅದರಲ್ಲಿ ಹಿಡಿಸುವುದಿಲ್ಲ.

ಧರ್ಮಾಧ್ಯಯನವೇ ಬೇರೆ ವಿಷಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಅದಕ್ಕೆ 1967ರಿಂದ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಗ್ರಂಥ, ಭಾಷೆ, ತತ್ತ್ವ, ಇತಿಹಾಸಗಳಿಗೆ ಜಾಗ ಹೆಚ್ಚು. ನಾವು ಜಾತ್ರೆಯ ರಥಬೀದಿಯಲ್ಲಿ ನಿಂತವರು. ಗ್ರಂಥ ಓದದೆ ಬೀದಿ ನೋಡಿದರೆ ಅರ್ಧ ಕಾಣುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಕೆಲಸ ಸಿಗುತ್ತದೆಯೇ ಎನ್ನುವ ತಂದೆತಾಯಿಗಳಿಗೆ, ಯುಪಿಎಸ್‌ಸಿಯ ಸಮಾಜಶಾಸ್ತ್ರ ಪತ್ರಿಕೆಯಲ್ಲಿ ಧರ್ಮದ ಘಟಕವಿದೆ ಎಂದು ಹೇಳಿದರೆ ಮುಖ ಅರಳುತ್ತದೆ. ಅಷ್ಟು ಸಾಕು.

ಕಳೆದ ಸಲ ಆಂತರಿಕ ಅಂಕ ಕಳುಹಿಸಿದ ಮರುದಿನ, ಕೇಳಿ ಈಗ ಎಂದು ಮೇಜಿಗೆ ಒರಗಿ ನಿಂತೆ. ದೇವರ ಮಾತು ಯಾರೂ ಎತ್ತಲಿಲ್ಲ. ಮೂರನೆಯ ಸಾಲಿನ ಹುಡುಗ ಎದ್ದು, ‘ಮೇಡಂ, ನಿಮ್ಮ ಮನೆಯಲ್ಲಿ ಪೂಜೆಯ ಸಾಮಾನು ತೊಳೆಯುವವರು ಯಾರು?’ ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮನೆಗೆಲಸಕ್ಕೆ ಬರುವವರು ಹುಣಸೆಹಣ್ಣು ಹಾಕಿ ತೊಳೆದು ದೇವರ ಮನೆಯ ಹೊಸ್ತಿಲಿನವರೆಗೆ ತರುತ್ತಾರೆ, ಅದರ ಮೇಲೆ ಇನ್ನೊಂದು ತಂಬಿಗೆ ನೀರು ಹೊಯ್ದು ಒಳಗಿಡುವುದು ನಾನು ಎಂದೆ. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.